ಹಳೇ ಗಾಡಿಗೆ ಹೊಸ ಪರದೆ: ಕೂರಿಸುತ್ತಾ ಕಲಿತದ್ದು

ಸಾಗರದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಡೈನಮೊ, ಸೆಲ್ಫ್ ಮೋಟರ್, ಹಾರ್ನು, ವೈರಿಂಗು, ಹೊಟ್ಟೆಪಾಡು ನಡೆಯುವುದು ಇವುಗಳಿಂದಲೇ. ಹತ್ತು ವರ್ಷಗಳಿಂದೀಚೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಜೆನ್, ಎಸ್ಟೀಮ್, ಕ್ವಾಲಿಸ್, ಇಂಡಿಕಾ ಇಟ್ಟುಕೊಂಡವರು ಬಂದು, "ಇದಕ್ಕೂ ಮ್ಯಾಪ್ ಬರೋ ಸ್ಕ್ರೀನ್ ಒಂದು ಹಾಕಿಕೊಡು ಮಾರಾಯ" ಎನ್ನುತ್ತಾರೆ. ಇಪ್ಪತ್ತು ವರ್ಷ ಜೊತೆಗಿದ್ದ ಗಾಡಿಯನ್ನು ಬಿಡಲು ಮನಸ್ಸಿಲ್ಲದವರು ಅವರು. ನನ್ನದೂ 1999ರ ಜೆನ್, ಹಾಗಾಗಿ ಅವರ ಮನಸ್ಸು ನನಗೆ ಗೊತ್ತು. ಈ ಕೆಲಸವನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಕೆಡಿಸಿ ಕಲಿತೆ. ಕೆಡಿಸಿದ್ದರಲ್ಲಿ ಬೇರೆಯವರ ಗಾಡಿಗಳೂ ಇವೆ ಎನ್ನುವುದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಹೊಸದಾಗಿ ಕೈ ಹಾಕುವವರಿಗೆ ಆ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

1. ಪರದೆ ಕೊಳ್ಳುವ ಮೊದಲು ಗೂಡಿನ ಅಳತೆ ತೆಗೆಯಿರಿ

ಕಾರ್ ಸೆಟ್ಟಿನ ಗೂಡಿಗೆ ಮುಖ್ಯವಾಗಿ ಎರಡು ಅಳತೆ. ಸಿಂಗಲ್ ಡಿನ್ ಎಂದರೆ 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ನಿಗೆ ಅದೇ ಅಗಲ, 100 ಎತ್ತರ. ಡಿನ್ ಎನ್ನುವುದು ಈ ಅಳತೆ ಗೊತ್ತುಮಾಡಿದ ಜರ್ಮನಿಯ ಮಾನಕ ಸಂಸ್ಥೆಯ ಹೆಸರು. ಕ್ಯಾಸೆಟ್ ಕಾಲದ ನಮ್ಮ ಸಣ್ಣ ಗಾಡಿಗಳಲ್ಲಿ ಬಹಳಷ್ಟಕ್ಕೆ ಇರುವುದು ಸಿಂಗಲ್ ಗೂಡು. ಇದು ಗೊತ್ತಿದ್ದೂ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 7 ಇಂಚಿನ ಡಬಲ್ ಡಿನ್ ಸೆಟ್ ತಂದೆ, ನನ್ನ ಜೆನ್ನಿಗೆ. ಹಿಡಿಸದೇ ಹೋದಾಗ ಹ್ಯಾಕ್ಸಾ ಬ್ಲೇಡು ತೆಗೆದುಕೊಂಡು ಗೂಡಿನ ಕೆಳಗಿನ ಅಡ್ಡಪಟ್ಟಿಯನ್ನು ಕೊಯ್ದೆ. ಅದು ಬರೀ ಅಂದಕ್ಕೆ ಇರುವ ಪ್ಲಾಸ್ಟಿಕ್ ಎಂದುಕೊಂಡಿದ್ದೆ. ಡ್ಯಾಶ್‌ಬೋರ್ಡಿನ ನಡುಭಾಗವನ್ನು ಬಿಗಿಯಾಗಿ ಹಿಡಿದದ್ದೇ ಅದು. ಅವತ್ತಿನಿಂದ ಇವತ್ತಿನವರೆಗೆ ಮಣ್ಣು ರಸ್ತೆಗೆ ಇಳಿದ ತಕ್ಷಣ ಜೆನ್ನಿನ ಡ್ಯಾಶ್‌ಬೋರ್ಡು ಕಿರುಗುಟ್ಟುತ್ತದೆ. ಫೋಮ್ ತುರುಕಿದ್ದೇನೆ, ಬಟ್ಟೆ ಟೇಪು ಸುತ್ತಿದ್ದೇನೆ. ಕೊಯ್ದ ಪಟ್ಟಿ ಮಾತ್ರ ವಾಪಸ್ ಬರಲಿಲ್ಲ. ಈಗ ಹಿಂಬದಿ ಸಿಂಗಲ್ ಡಿನ್ ಇದ್ದು, ಪರದೆ ಮಾತ್ರ ಮುಂದೆ ತೇಲಿದಂತೆ ನಿಲ್ಲುವ ಸೆಟ್ಟುಗಳು ಸಿಗುತ್ತವೆ. ನಾನು ಹಾಕುವುದು ಅದನ್ನೇ. ಹಾಗೆ ನಿಂತ ಪರದೆ ಏನೇನನ್ನು ಮುಚ್ಚುತ್ತದೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

2. ಹಳೆಯ ಪ್ಲಾಸ್ಟಿಕ್ಕನ್ನು ಬೆಚ್ಚಗೆ ಮಾಡಿ ಬಿಚ್ಚಿ

ಇಪ್ಪತ್ತು ಬೇಸಿಗೆ ಕಂಡ ಕ್ಲಿಪ್ಪುಗಳು ಹಪ್ಪಳದಂತೆ ಮುರಿಯುತ್ತವೆ. ಮಳೆಗಾಲದ ಬೆಳಿಗ್ಗೆಯಂತೂ ಮುಟ್ಟಿದರೆ ಸಾಕು. ಸ್ಕ್ರೂಡ್ರೈವರಿನಿಂದ ಮೀಟಿ ನಾನು ಮುರಿದ ಕ್ಲಿಪ್ಪುಗಳು ಒಂದು ಡಬ್ಬಿ ತುಂಬುವಷ್ಟಿವೆ. ಈಗ ಗಾಡಿಯನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸುತ್ತೇನೆ. ಬಿಸಿಲಿಲ್ಲದ ದಿನ ಹೇರ್ ಡ್ರೈಯರ್ ಹಿಡಿಯುತ್ತೇನೆ. ಮೀಟಲು ಬಿದಿರಿನ ಚಕ್ಕೆ. ಅದು ಗೀರು ಬೀಳಿಸುವುದಿಲ್ಲ, ಬಲ ಹೆಚ್ಚಾದರೆ ಮೊದಲು ತಾನೇ ಮುರಿಯುತ್ತದೆ.

3. ವೈರಿನ ಬಣ್ಣವನ್ನು ನಂಬಬೇಡಿ, ಮೀಟರನ್ನು ನಂಬಿ

ಹೊಸ ಸೆಟ್ಟಿನ ಹಿಂದೆ ಹಳದಿ ವೈರು ಬ್ಯಾಟರಿಯಿಂದ ಸದಾ ಕರೆಂಟ್ ಬೇಡುತ್ತದೆ, ನೆನಪು ಉಳಿಸಿಕೊಳ್ಳಲು. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಕಪ್ಪು ಅರ್ತ್. ಇದು ಸೆಟ್ಟಿನ ಕಡೆಯ ಮಾತು. ಗಾಡಿಯ ಕಡೆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಜನ ಕೈ ಹಾಕಿರುತ್ತಾರೋ, ಅಷ್ಟು ಬಣ್ಣಗಳು.

ನಿವೃತ್ತ ಮೇಷ್ಟ್ರೊಬ್ಬರ ಎಸ್ಟೀಮಿನಲ್ಲಿ ಗಾಡಿ ಕಡೆಯಿಂದಲೂ ಒಂದು ಕೆಂಪು ವೈರು ಬಂದಿತ್ತು. ಕೆಂಪಿಗೆ ಕೆಂಪು ಸೇರಿಸಿದೆ, ಸ್ಕ್ರೀನ್ ಬೆಳಗಿತು, ಕಳಿಸಿಕೊಟ್ಟೆ. ಆ ವೈರಿನಲ್ಲಿ ಕೀ ತೆಗೆದ ಮೇಲೂ ಕರೆಂಟ್ ಇತ್ತು. ಮೂರನೇ ದಿನ ಬೆಳಿಗ್ಗೆ ಫೋನ್ ಬಂತು: "ಎಂತ ಮಾಡಿದ್ದೀಯಪ್ಪ, ಸೆಲ್ಫೇ ಹೊಡೀತಾ ಇಲ್ಲ." ಹೋಗಿ ಮೀಟರ್ ಹಿಡಿದರೆ, ನಿಂತ ಗಾಡಿ ಅರ್ಧ ಆಂಪಿಯರ್ ಕುಡಿಯುತ್ತಿತ್ತು. ಪರದೆ ಕಪ್ಪಗೆ ಕಂಡರೂ ಸೆಟ್ಟು ಒಳಗೆ ಎಚ್ಚರವಾಗಿತ್ತು. ಸಣ್ಣ ಗಾಡಿಯ 35 ಆಂಪಿಯರ್-ಅವರ್ ಬ್ಯಾಟರಿಗೆ ಲೆಕ್ಕದಲ್ಲಿ ಅದು 70 ಗಂಟೆ. ಆದರೆ ಅರ್ಧ ಇಳಿದ ಹಳೇ ಬ್ಯಾಟರಿಯಿಂದ ಸೆಲ್ಫ್ ತಿರುಗುವುದಿಲ್ಲ. ಎರಡು ರಾತ್ರಿ ಕಳೆದರೆ ಸಾಕು. ಅವತ್ತು ಮೇಷ್ಟ್ರು ಹೆಂಡತಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಬಸ್ಸಿನಲ್ಲಿ ಹೋದರು.

ಈಗ ಪ್ರತಿ ವೈರನ್ನೂ ಮೂರು ಸಲ ನೋಡುತ್ತೇನೆ: ಕೀ ತೆಗೆದಾಗ, ಕೀ ಹಾಕಿದಾಗ, ಸೆಲ್ಫ್ ಹೊಡೆಯುವಾಗ. ಕೆಲಸ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಡುವೆ ಮೀಟರ್ ಇಟ್ಟು, ಹತ್ತು ನಿಮಿಷ ಕಾಯುತ್ತೇನೆ. 50 ಮಿಲಿ ಆಂಪಿಯರಿಗಿಂತ ಕೆಳಗೆ ಇಳಿಯದಿದ್ದರೆ ಗಾಡಿಯನ್ನು ಅಂಗಡಿಯಿಂದ ಹೊರಗೆ ಬಿಡುವುದಿಲ್ಲ.

4. ಫ್ಯೂಸ್ ಹಾರಿದರೆ ದೊಡ್ಡ ಫ್ಯೂಸ್ ಹಾಕಬೇಡಿ

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಒಂದು ಕ್ವಾಲಿಸ್‌ನಲ್ಲಿ 10 ಆಂಪಿಯರ್ ಫ್ಯೂಸ್ ಎರಡು ಸಲ ಹಾರಿತು. ಸಂಜೆಯಾಗಿತ್ತು, ಗಿರಾಕಿ ಹೊರಗೆ ನಿಂತಿದ್ದ. 20ರ ಫ್ಯೂಸ್ ಹಾಕಿದೆ. ಪುಣ್ಯಕ್ಕೆ ಗಾಡಿ ಅಂಗಡಿ ಮುಂದೆ ಇರುವಾಗಲೇ ಸುಟ್ಟ ವಾಸನೆ ಬಂತು. ಸೆಟ್ಟನ್ನು ಒಳಗೆ ತಳ್ಳುವಾಗ ಒಂದು ವೈರು ಕಬ್ಬಿಣದ ಫ್ರೇಮಿನ ಅಂಚಿಗೆ ಸಿಕ್ಕಿ ಚರ್ಮ ಸುಲಿದಿತ್ತು. ಫ್ಯೂಸ್ ಎರಡು ಸಲ ಅದನ್ನೇ ಹೇಳಿತ್ತು, ನಾನು ಕೇಳಿರಲಿಲ್ಲ. ಆ ಗಾಡಿಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಇನ್ಸುಲೇಷನ್ ಟೇಪು ಬಿಟ್ಟದ್ದೂ ಆವಾಗಲೇ. ಬೇಸಿಗೆಯಲ್ಲಿ ಅದರ ಅಂಟು ಕರಗಿ ಜಾರಿ, ಜೋಡಣೆ ಬತ್ತಲಾಗುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಏರಿಸುವುದು ಹತ್ತು ನಿಮಿಷ ಹೆಚ್ಚಿನ ಕೆಲಸ, ಅಷ್ಟೇ.

5. ಸ್ಪೀಕರಿನ ಎರಡೂ ವೈರುಗಳನ್ನು ಹುಡುಕಿ

ತೀರ ಹಳೆಯ ಗಾಡಿಗಳಲ್ಲಿ ಸ್ಪೀಕರಿಗೆ ಒಂದೇ ವೈರು ಎಳೆದು, ಇನ್ನೊಂದು ತುದಿಯನ್ನು ಬಾಡಿಗೆ ಅರ್ತ್ ಮಾಡಿರುತ್ತಾರೆ. ಆ ಕಾಲದ ರೇಡಿಯೊಗೆ ಅದು ನಡೆಯುತ್ತಿತ್ತು. ಇವತ್ತಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ತುದಿಗಳಿಗೆ ಆಂಪ್ಲಿಫೈಯರ್ ಚಿಪ್ಪೇ ಕರೆಂಟ್ ಕೊಡುತ್ತದೆ. ಒಂದು ತುದಿ ಬಾಡಿಗೆ ತಾಗಿದರೆ ಚಿಪ್ಪು ಸುಡುತ್ತದೆ. ಒಂದು ಅಂಬಾಸಿಡರಿನಲ್ಲಿ ಹೊಸ ಸೆಟ್ಟನ್ನು ಹೀಗೆ ಸುಟ್ಟು, ದುಡ್ಡು ನಾನೇ ಕಟ್ಟಿಕೊಟ್ಟೆ. ಬಾಗಿಲ ಸಂದಿಯಿಂದ ಹೊಸ ಜೋಡಿ ವೈರು ಎಳೆಯುವುದು ಬೆರಳು ತರಚುವ ಕೆಲಸವೇ. ಎಳೆಯಿರಿ.

6. ಆಂಟೆನಾಗೆ ಆಕಾಶ ಕಾಣಬೇಕು

ಜಿಪಿಎಸ್ ಆಂಟೆನಾ ಎಂದರೆ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಡಬ್ಬಿ, ಕೆಳಗೆ ಮ್ಯಾಗ್ನೆಟ್. ಕಣ್ಣಿಗೆ ಬೀಳದಂತೆ ಇಟ್ಟರೆ ಕೆಲಸ ನೀಟಾಗಿ ಕಾಣುತ್ತದೆ ಎಂದು ಮೊದಲೆಲ್ಲ ಸೆಟ್ಟಿನ ಹಿಂದೆಯೇ ತುರುಕುತ್ತಿದ್ದೆ. ಡ್ಯಾಶ್‌ಬೋರ್ಡಿನ ಒಳಗೆ ಅಡ್ಡಕ್ಕೆ ಕಬ್ಬಿಣದ ತೊಲೆ ಇದೆ. ಉಪಗ್ರಹಗಳಿರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಇಳಿದು ಬರುವ ಸಿಗ್ನಲ್ ಎಷ್ಟು ಕ್ಷೀಣವೆಂದರೆ, ಪ್ಲಾಸ್ಟಿಕ್ಕನ್ನೂ ಗಾಜನ್ನೂ ದಾಟುತ್ತದೆ, ತಗಡನ್ನು ದಾಟುವುದಿಲ್ಲ. ತಾಳಗುಪ್ಪ ದಾಟಿ ಜೋಗದ ಕಡೆ ಹೊರಟರೆ ನನ್ನ ಬಾಣದ ಗುರುತು ರಸ್ತೆ ಬಿಟ್ಟು ಕಾಡಿನೊಳಗೆ ಅಲೆಯುತ್ತಿತ್ತು. ಸೆಟ್ಟೇ ಸರಿಯಿಲ್ಲ ಎಂದು ಎರಡು ಸೆಟ್ಟು ವಾಪಸ್ ಕಳಿಸಿದ್ದೇನೆ. ತಪ್ಪು ಸೆಟ್ಟಿನದಾಗಿರಲಿಲ್ಲ.

ಈಗ ಮುಂದಿನ ಗಾಜಿಗೆ ತಾಗಿದಂತೆ, ಡ್ಯಾಶ್‌ಬೋರ್ಡಿನ ಮೇಲ್ಪದರದ ಪ್ಲಾಸ್ಟಿಕ್ಕಿನ ಕೆಳಗೆ, ಮುಖ ಮೇಲಕ್ಕೆ ಮಾಡಿ ಇಡುತ್ತೇನೆ. ಲೋಹದ ಲೇಪ ಇರುವ ಹಳೇ ಸನ್‌ಫಿಲ್ಮ್ ಗಾಜಿನಲ್ಲಿ ಉಳಿದಿದ್ದರೆ ಅದೂ ಸಿಗ್ನಲ್ ತಡೆಯುತ್ತದೆ. ಮಳೆಯಿಂದ ಹೆಚ್ಚು ತೊಂದರೆಯಿಲ್ಲ. ನೀರು ತುಂಬಿಕೊಂಡು ರಸ್ತೆ ಮೇಲೆ ಬಾಗಿದ ಮರಗಳಿಂದ ಇದೆ, ಅದಕ್ಕೆ ನಮ್ಮ ಕಡೆ ಯಾರೂ ಏನೂ ಮಾಡುವಂತಿಲ್ಲ. ಬಹಳ ದಿನ ನಿಂತ ಗಾಡಿಯನ್ನು ತೆಗೆದಾಗ ಪರದೆ ತಾನೆಲ್ಲಿದ್ದೇನೆಂದು ಹೇಳಲು ತಡಮಾಡುತ್ತದೆ. ಮೊಬೈಲಿಗೆ ಉಪಗ್ರಹಗಳ ವಿವರವನ್ನು ನೆಟ್‌ವರ್ಕ್ ಕೊಟ್ಟುಬಿಡುತ್ತದೆ. ಸಿಮ್ ಇಲ್ಲದ ಸೆಟ್ಟು ಅದನ್ನು ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಪೂರ್ತಿ ಪಟ್ಟಿ ಇಳಿಯಲು 12.5 ನಿಮಿಷ. ಬಯಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಗಿರಾಕಿಗಳಿಗೆ ಮೊದಲೇ ಹೇಳುತ್ತೇನೆ.

7. ನೆಟ್‌ವರ್ಕ್ ಇಲ್ಲದ ಊರಿಗೆ ನಕ್ಷೆಯನ್ನು ಕಟ್ಟಿ ಕಳಿಸಿ

ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ, ಆದರೆ ನಕ್ಷೆಗೆ ಇಂಟರ್ನೆಟ್ ಬೇಕು. ನಮ್ಮ ಶರಾವತಿ ಹಿನ್ನೀರಿನ ಕಡೆ ಟವರ್ ಸಿಗದ ಹಳ್ಳಿಗಳು ಇನ್ನೂ ಇವೆ. ಬಾಣದ ಗುರುತು ಬೂದು ಬಣ್ಣದ ಖಾಲಿ ಹಾಳೆಯ ಮೇಲೆ ನಿಂತಿರುತ್ತದೆ. ಅದಕ್ಕೇ ಅಂಗಡಿಯ ವೈಫೈನಲ್ಲೇ ಜಿಲ್ಲೆಯ ನಕ್ಷೆ ಇಳಿಸಿಕೊಡಲು ಶುರುಮಾಡಿದೆ. ಇಳಿಸಿದ ನಕ್ಷೆ ಹಳತಾಗುತ್ತದೆ ಎನ್ನುವುದನ್ನು ಹೇಳಲು ಮರೆತಿದ್ದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅಲ್ಲಿಯವರೆಗೆ ಸಿಗಂದೂರಿಗೆ ಹೋಗಲು ಲಾಂಚಿಗೆ ಸಾಲು ನಿಂತವರು ನಾವೆಲ್ಲ. ಆಮೇಲೆ ಒಬ್ಬ ಗಿರಾಕಿ ಸೇತುವೆ ಮೇಲಿನಿಂದಲೇ ಫೋಟೊ ತೆಗೆದು ಕಳಿಸಿದ. ಗಾಜಿನಾಚೆ ಕಾಂಕ್ರೀಟ್ ರಸ್ತೆ. ಪರದೆಯಲ್ಲಿ ನೀಲಿ ನೀರಿನ ನಡುವೆ ಅವನ ಗಾಡಿ. ವರ್ಷಕ್ಕೆರಡು ಸಲ ಬಂದು ನಕ್ಷೆ ಹೊಸದು ಮಾಡಿಸಿಕೊಂಡು ಹೋಗಿ ಎಂದು ಈಗ ಬಿಲ್ಲಿನ ಹಿಂದೆ ಬರೆದುಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

8. ಪರದೆ ಯಾವ ಸ್ವಿಚ್ಚನ್ನು ಮುಚ್ಚುತ್ತದೆ, ನೋಡಿ

ಏಸಿ ಕಿಂಡಿಗಳ ನಡುವೆ ಹಜಾರ್ಡ್ ಸ್ವಿಚ್ ಇದ್ದ ಒಂದು ಹಳೇ ಸೆಡಾನ್. 9 ಇಂಚಿನ ಪರದೆಯೇ ಬೇಕೆಂದು ಹುಡುಗ ಹಟ ಹಿಡಿದ. ಹಾಕಿದಾಗ ಕೆಂಪು ತ್ರಿಕೋನದ ಸ್ವಿಚ್ಚು ಪರದೆಯ ಹಿಂದೆ ಸೇರಿಹೋಯಿತು. ಬೆರಳು ತೂರಿಸಿದರೆ ಸಿಗುತ್ತಿತ್ತು. "ಅದನ್ನ ಯಾರು ದಿನಾ ಒತ್ತುತ್ತಾರೆ" ಎಂದ ಅವನು, ನಾನು ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಆ ಮಳೆಗಾಲದಲ್ಲಿ ಅದೇ ಗಾಡಿಯಲ್ಲಿ ಅವನ ಜೊತೆ ನಾನೂ ಉಡುಪಿಗೆ ಹೊರಟಿದ್ದೆ. ಹುಲಿಕಲ್ ಘಾಟಿ ಇಳಿಯುವಾಗ ಮಂಜು ಕವಿದು ಬಾನೆಟ್ಟಿನ ಮುಂದೆ ಏನೂ ಕಾಣದಾಯಿತು. ತಿರುವಿನಲ್ಲಿ ಮುಂದೆ ಲಾರಿ ಕೆಟ್ಟು ನಿಂತಿತ್ತು, ನಾವೂ ನಿಂತೆವು. ಹಿಂದಿನಿಂದ ಬಸ್ಸಿನ ಸದ್ದು. ಅವನು ಪರದೆಯ ಹಿಂದೆ ಬೆರಳು ತೂರಿಸಿ ತಡಕಾಡುತ್ತಿದ್ದ. ನನಗೆ ಸ್ವಿಚ್ಚಿನ ಜಾಗ ಗೊತ್ತಿದ್ದೂ ಕೈ ನಡುಗಿ ಸಿಗಲಿಲ್ಲ. ಐದಾರು ಸೆಕೆಂಡು ಇರಬಹುದು. ಬಸ್ಸಿನ ಡ್ರೈವರು ಅನುಭವಸ್ಥ, ನಿಧಾನಕ್ಕೆ ಬಂದಿದ್ದ, ನಿಲ್ಲಿಸಿದ. ಅವತ್ತು ನಾವು ಉಳಿದದ್ದು ಅವನ ಜಾಗ್ರತೆಯಿಂದ, ನನ್ನ ಕೆಲಸದಿಂದಲ್ಲ.

ಊರಿಗೆ ಬಂದವನೇ ಆ ಪರದೆ ಬಿಚ್ಚಿ 7 ಇಂಚಿನದು ಹಾಕಿದೆ. ಈಗ ಮೊದಲು ರಟ್ಟನ್ನು ಪರದೆಯ ಅಳತೆಗೆ ಕತ್ತರಿಸಿ ಗಾಡಿಯಲ್ಲಿ ಅಂಟಿಸುತ್ತೇನೆ. ಗಿರಾಕಿಯನ್ನು ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಹಜಾರ್ಡ್ ಒತ್ತಿ, ಗಾಳಿ ಗಾಜಿನ ಕಡೆ ತಿರುಗಿಸಿ ಎನ್ನುತ್ತೇನೆ. ಕೈ ತಡವರಿಸಿದರೆ ಆ ಪರದೆ ಬೇಡ. ಕಿತ್ತಳೆ ಬಣ್ಣದ ವೈರನ್ನೂ ಬಿಡದೆ ಪಾರ್ಕಿಂಗ್ ಲೈಟಿಗೆ ಸೇರಿಸುತ್ತೇನೆ. ಲೈಟು ಹಾಕಿದ ಕೂಡಲೇ ಪರದೆ ಮಂಕಾಗುವುದು ಅದರಿಂದಲೇ. ಇಲ್ಲದಿದ್ದರೆ ಕತ್ತಲೆಯ ಘಾಟಿಯಲ್ಲಿ ಪರದೆಯ ಬೆಳಕೇ ಕಣ್ಣು ಕುಕ್ಕುತ್ತದೆ.

9. ಹ್ಯಾಂಡ್‌ಬ್ರೇಕಿನ ವೈರನ್ನು ಅರ್ತ್ ಮಾಡಬೇಡಿ

ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ವಿಡಿಯೊ ಓಡಲಿ ಎಂದು ಸೆಟ್ಟಿನಲ್ಲಿ ಒಂದು ವೈರು ಇರುತ್ತದೆ. ಅದನ್ನು ಬಾಡಿಗೆ ತಾಗಿಸಿಬಿಟ್ಟರೆ ಗಾಡಿ ಓಡುವಾಗಲೂ ಸಿನಿಮಾ ನೋಡಬಹುದು. ಮೊದಲ ವರ್ಷಗಳಲ್ಲಿ ಕೇಳಿದವರಿಗೆಲ್ಲ ಮಾಡಿಕೊಟ್ಟಿದ್ದೇನೆ. ಕೈಯಲ್ಲಿ ಹಿಡಿಯುವ ಮೊಬೈಲನ್ನೇ ಗಾಡಿ ಓಡಿಸುವಾಗ ದಾರಿ ನೋಡಲು ಮಾತ್ರ, ಅದೂ ಗಮನ ಕೆಡದಂತೆ ಬಳಸಬೇಕೆಂದು 2020ರ ಅಕ್ಟೋಬರಿನಿಂದ ನಿಯಮವಿದೆ. ಆ ನಿಯಮ ಬರುವ ಮೊದಲೇ ನನಗೆ ತಿಳಿಯಬೇಕಿತ್ತು. ಈಗ ಕೇಳಿದವರಿಗೆ ಆಗುವುದಿಲ್ಲ ಎನ್ನುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.

10. ಕಿತ್ತ ಹಳೇ ಸೆಟ್ಟನ್ನು ಗುಜರಿಗೆ ಹಾಕಬೇಡಿ

ಮತ್ತೆ ಅದೇ ಮೇಷ್ಟ್ರ ಎಸ್ಟೀಮು. ಬ್ಯಾಟರಿಯ ರಗಳೆ ಮುಗಿದು ತಿಂಗಳಾದ ಮೇಲೆ ಬಂದರು. ಪರದೆ ಚೆನ್ನಾಗಿದೆ, ಮಗಳು ಬಂದಾಗ ಓಡಿಸಲು ಅನುಕೂಲ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲಿ ಭದ್ರಾವತಿ ಬರಲ್ಲವಲ್ಲ" ಎಂದರು. ಹಳೇ ಸೆಟ್ಟಿನ ಮೀಡಿಯಂ ವೇವ್‌ನಲ್ಲಿ ಅವರು ದಿನಾ ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದರು. ಹೊಸದರಲ್ಲಿ ಎಫ್‌ಎಂ ಮಾತ್ರ, ಅವರ ಮನೆಯಿರುವ ಗುಡ್ಡದ ಹಿಂದೆ ಅದೂ ಸಿಗದು. ಹಳೇ ಸೆಟ್ಟು ಎಲ್ಲಿ ಎಂದು ಕೇಳಿದರು. ಅವರನ್ನು ಕೇಳದೆ ನಾನದನ್ನು ಗುಜರಿಯವನಿಗೆ ಕೊಟ್ಟಾಗಿತ್ತು.

ಅಂಥದ್ದೇ ಸೆಟ್ಟು ಹುಡುಕಲು ಎರಡು ತಿಂಗಳು ಹಿಡಿಯಿತು. ಶಿವಮೊಗ್ಗದ ಗುಜರಿಯೊಂದರಲ್ಲಿ, ಮುಂಭಾಗ ಜಜ್ಜಿದ ಎಸ್ಟೀಮಿನಲ್ಲಿ ಸಿಕ್ಕಿತು. ಕಪ್ಲರಿನ ಹಸಿರು ಕಿಲುಬನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಗ್ಲವ್ ಬಾಕ್ಸಿನೊಳಗೆ ಕೂರಿಸಿ, ಆಂಟೆನಾದ ಕೇಬಲನ್ನು ಅದಕ್ಕೇ ಕೊಟ್ಟೆ. ಈಗ ಯಾವ ಗಾಡಿಯ ಸೆಟ್ಟು ಬಿಚ್ಚಿದರೂ ಫ್ರೇಮು, ಸ್ಕ್ರೂ ಸಮೇತ ಬಟ್ಟೆಯಲ್ಲಿ ಸುತ್ತಿ, ಗಾಡಿ ನಂಬರು ಬರೆದು, ಡಿಕ್ಕಿಯಲ್ಲಿಟ್ಟೇ ಕಳಿಸುತ್ತೇನೆ. ಗಾಡಿಯ ಮೂಲ ಕಪ್ಲರನ್ನು ಕತ್ತರಿಸುವುದೂ ಇಲ್ಲ, ನಡುವೆ ಬೇರೆ ಜೋಡಣೆ ಮಾಡುತ್ತೇನೆ. ಬೇಕೆನಿಸಿದ ದಿನ ಹಳೆಯದು ಹಾಗೇ ಕೂರಬೇಕು.

ಮೇಷ್ಟ್ರು ಅವತ್ತು ಅಂಗಡಿ ಮುಂದೆಯೇ ಗ್ಲವ್ ಬಾಕ್ಸ್ ತೆಗೆದು, ಗುಬುಟು ತಿರುಗಿಸುತ್ತಾ ಕೂತರು. ಮೇಲೆ ಪರದೆಯಲ್ಲಿ ಸಾಗರದ ಬೀದಿಗಳ ನಕ್ಷೆ ಬೆಳಗುತ್ತಿತ್ತು. ಗರಗರ ಸದ್ದಿನ ನಡುವಿನಿಂದ ಪ್ರದೇಶ ಸಮಾಚಾರ ಕೇಳಿಬಂತು. ಅದು ಮುಗಿಯುವವರೆಗೆ ಅವರು ಗಾಡಿ ಸ್ಟಾರ್ಟ್ ಮಾಡಲಿಲ್ಲ.