ಫ್ಲಶ್ ಟ್ಯಾಂಕ್ ಕೆಳಗಿನ ನೀರು: ಎಲ್ಲಿಂದ ಬರುತ್ತೆ, ಹೇಗೆ ನಿಲ್ಲಿಸೋದು

ನಾವು ನಾಲ್ಕು ಜನ, ಕಾಲೇಜಿನ ಹಿಂದಿನ ಗೇಟಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಮನೆಯ ಮೊದಲನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೀವಿ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಕೆಳಗಡೆ ಓನರ್ ತಾಯಿ ಒಬ್ಬರೇ ಇರ್ತಾರೆ, ನಾವು ಅವರನ್ನ ಅಜ್ಜಿ ಅಂತೀವಿ. ಫೆಬ್ರವರಿಯಲ್ಲಿ ಒಂದು ದಿನ ಅಜ್ಜಿ ಮೆಟ್ಟಿಲ ಹತ್ರ ನಮ್ಮನ್ನ ನಿಲ್ಲಿಸಿ, "ನಮ್ಮ ಬಚ್ಚಲುಮನೆಗೆ ಮೇಲಿಂದ ನೀರು ತೊಟ್ಟಿಕ್ತಾ ಇದೆ ಕಣ್ರಪ್ಪಾ, ನಿಮ್ಮ ಕಡೆ ಏನಾದ್ರೂ ಸೋರ್ತಾ ಇದ್ಯಾ ನೋಡಿ" ಅಂದರು. ನಾವು ಮೇಲೆ ಬಂದು, ಬಾತ್‌ರೂಮ್ ಬಾಗಿಲಲ್ಲೇ ನಿಂತು ಒಂದು ಸಲ ಇಣುಕಿ, "ಇಲ್ಲ ಅಜ್ಜಿ, ನಮ್ಮದಲ್ಲ" ಅಂತ ಹೇಳಿಬಿಟ್ಟೆವು. ಬಾತ್‌ರೂಮ್ ನೆಲ ಯಾವಾಗಲೂ ಒದ್ದೆ ಇರುತ್ತೆ, ಅದರಲ್ಲಿ ಸೋರಿಕೆ ಅಂತ ಏನು ಹುಡುಕೋದು? ಜೊತೆಗೆ, ನಿಜ ಹೇಳಬೇಕಂದ್ರೆ, ಅಡ್ವಾನ್ಸ್ ದುಡ್ಡು ಹಿಡ್ಕೊಂಡುಬಿಟ್ರೆ ಅನ್ನೋ ಭಯ.

ಎರಡು ವಾರ ಅಜ್ಜಿ ಬಕೆಟ್ ಇಟ್ಟುಕೊಂಡು ಸುಮ್ಮನಿದ್ದರು. ಆಮೇಲೆ ಸಿವಿಲ್‌ನವನಿಗೇ ತಡೆಯಲಾಗಲಿಲ್ಲ, ಪರೀಕ್ಷೆ ಮಾಡಿಯೇ ಬಿಡೋಣ ಅಂದ. ಈ ಲೇಖನ ಆ ಪರೀಕ್ಷೆಯ ಬಗ್ಗೆ, ಮತ್ತೆ ನಾವು ಮಾಡಿದ ಎರಡು ತಪ್ಪುಗಳ ಬಗ್ಗೆ. ಬಾಡಿಗೆ ಮನೆಯಲ್ಲಿರೋ ಎಲ್ಲರಿಗೂ ಒಂದಲ್ಲ ಒಂದು ದಿನ ಬೇಕಾಗುತ್ತೆ. (ನಮ್ಮದು ಇಂಗ್ಲಿಷ್ ಮೀಡಿಯಂ ಕನ್ನಡ. ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.)

ಮೊದಲು ಟ್ಯಾಂಕ್ ಹೇಗೆ ಕೂತಿದೆ ಅಂತ ತಿಳ್ಕೋಬೇಕು. ಗೋಡೆಗೆ ಹಾಕಿರೋ ಪ್ಲಾಸ್ಟಿಕ್ ಟ್ಯಾಂಕ್ ಬಗ್ಗೆ ಅಲ್ಲ ನಾವು ಹೇಳ್ತಿರೋದು. ಕಮೋಡ್ ಹಿಂದೆ, ಅದರ ಮೇಲೇ ಕೂತಿರುತ್ತಲ್ಲ ಪಿಂಗಾಣಿ ಟ್ಯಾಂಕ್, ಅದು. ಆ ಟ್ಯಾಂಕಿನ ತಳದಲ್ಲಿ ಸಾಮಾನ್ಯವಾಗಿ ಮಧ್ಯೆ ಒಂದು ದೊಡ್ಡ ತೂತು, ಅಕ್ಕಪಕ್ಕ ಎರಡು ಸಣ್ಣ ತೂತು. ದೊಡ್ಡ ತೂತಿಂದ ಫ್ಲಶ್ ನೀರು ಕಮೋಡ್‌ಗೆ ಇಳಿಯುತ್ತೆ. ಅಲ್ಲಿ ಟ್ಯಾಂಕಿಗೂ ಕಮೋಡ್‌ಗೂ ನಡುವೆ ಉದ್ದಿನ ವಡೆ ಥರದ ಒಂದು ದಪ್ಪ ರಬ್ಬರ್ ಬಳೆ ಇರುತ್ತೆ. ಸಣ್ಣ ತೂತುಗಳಲ್ಲಿ ಎರಡು ಉದ್ದ ಬೋಲ್ಟ್. ಅವುಗಳ ತಲೆ ಟ್ಯಾಂಕಿನ ಒಳಗೆ ನೀರಲ್ಲಿ ಮುಳುಗಿರುತ್ತೆ, ನಟ್ಟು ಕಮೋಡ್ ಕೆಳಗಡೆ. ಬೋಲ್ಟ್ ತಲೆಯ ಅಡಿ ಒಂದು ಸಣ್ಣ ರಬ್ಬರ್ ವಾಷರ್. ಇವಲ್ಲದೆ ನೀರು ಒಳಗೆ ಬರೋ ಕಡೆ ಆಂಗಲ್ ಕಾಕ್, ಅದರಿಂದ ಟ್ಯಾಂಕಿಗೆ ಕನೆಕ್ಷನ್ ಪೈಪ್. ಹೊರಗೆ ನೀರು ಬಂದ್ರೆ ಹೆಚ್ಚಾಗಿ ಈ ಮೂರು ಜಾಗದಿಂದಲೇ.

ಯಾವುದರಿಂದ ಅಂತ ಕಂಡುಹಿಡಿಯೋದೇ ಅರ್ಧ ಕೆಲಸ. ನೀರು ಕಾಣಿಸೋ ಜಾಗ ಬೇರೆ, ಹುಟ್ಟೋ ಜಾಗ ಬೇರೆ. ಪಿಂಗಾಣಿ ನುಣುಪಾಗಿರೋದ್ರಿಂದ ಹನಿ ಅಂಟಿಕೊಂಡೇ ಜಾರಿ ಎಲ್ಲೋ ಹೋಗಿ ಬೀಳುತ್ತೆ. ಅದಕ್ಕೆ ಒಂದು ಹಳೇ ಬಟ್ಟೆಯಲ್ಲಿ ಟ್ಯಾಂಕಿನ ತಳ, ಬೋಲ್ಟು, ಪೈಪು ಎಲ್ಲವನ್ನೂ ಪೂರ್ತಿ ಒರೆಸಿ, ಒಣ ಟಿಶ್ಯೂ ಪೇಪರ್ ತುಂಡುಗಳನ್ನ ಒಂದೊಂದು ಕಡೆ ಒತ್ತಿ ನೋಡಬೇಕು. ಫ್ಲಶ್ ಮಾಡದೆ ಹತ್ತು ನಿಮಿಷ ಕಾಯಿರಿ. ಬೋಲ್ಟ್ ಹತ್ರದ ಟಿಶ್ಯೂ ನೆಂದರೆ ಬೋಲ್ಟ್ ವಾಷರ್ ಹೋಗಿದೆ, ಯಾಕಂದ್ರೆ ಅದು ಇಪ್ಪತ್ನಾಲ್ಕು ಗಂಟೆಯೂ ನೀರಿನ ಅಡಿಯಲ್ಲೇ ಇರುತ್ತೆ. ಈಗ ಫ್ಲಶ್ ಮಾಡಿ. ಆಗ ಮಾತ್ರ ಮಧ್ಯದಿಂದ ನೀರು ಚಿಮ್ಮಿದರೆ ದೊಡ್ಡ ರಬ್ಬರ್ ಬಳೆ ಹೋಗಿದೆ, ಅದಕ್ಕೆ ನೀರು ಸಿಗೋದೇ ಫ್ಲಶ್ ಮಾಡಿದಾಗ. ಇನ್ನೊಂದು ಉಂಟು: ಆಂಗಲ್ ಕಾಕ್ ಮುಚ್ಚಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ. ಮಟ್ಟ ಇಳೀತಿದೆ, ಆದರೆ ಹೊರಗೆಲ್ಲ ಒಣಗಿದೆ ಅಂದ್ರೆ ನೀರು ಕಮೋಡ್ ಒಳಗೇ ಸದ್ದಿಲ್ಲದೆ ಹೋಗ್ತಿದೆ. ಅದು ಒಳಗಿನ ಫ್ಲಶ್ ವಾಲ್ವಿನ ಸಮಸ್ಯೆ, ಇವತ್ತಿನ ಪಾಠ ಅಲ್ಲ.

ನಮ್ಮದರಲ್ಲಿ ಎಡಗಡೆ ಬೋಲ್ಟೂ ಸೋರ್ತಿತ್ತು, ಮಧ್ಯದ್ದೂ ಸೋರ್ತಿತ್ತು. ಖಾತ್ರಿ ಮಾಡ್ಕೊಳ್ಳೋಕೆ ಬಿಳಿ ಬಟ್ಟೆಗೆ ಹಾಕೋ ನೀಲಿ ಇರುತ್ತಲ್ಲ, ಅದನ್ನ ಟ್ಯಾಂಕಿಗೆ ಸುರಿದೆವು. ಸ್ವಲ್ಪ ಜಾಸ್ತಿನೇ ಬಿತ್ತು. ಟಿಶ್ಯೂ ನೀಲಿ ಆಯ್ತು, ನಮಗೆ ಖುಷಿ. ಆದರೆ ಮಾರನೇ ದಿನ ಬೆಳಗ್ಗೆ ಕೆಳಗಿಂದ ಅಜ್ಜಿ ದನಿ: "ಏನ್ರೋ ಹುಡುಗ್ರಾ, ನನ್ನ ಬಕೆಟ್‌ಗೆ ನೀಲಿ ನೀರು ಬೀಳ್ತಾ ಇದೆಯಲ್ಲೋ!" ಕಮೋಡ್ ಪೈಪ್ ನೆಲದೊಳಗೆ ಇಳಿಯೋ ಕಡೆ ಸಿಮೆಂಟ್ ಬಿರುಕು ಬಿಟ್ಟಿತ್ತು, ನಮ್ಮ ಹನಿ ಸೀದಾ ಅಲ್ಲಿಂದ ಕೆಳಗೆ. ಇಷ್ಟು ಗಟ್ಟಿ ಪುರಾವೆ ನಮ್ಮ ಯಾವ ಲ್ಯಾಬ್ ರೆಕಾರ್ಡಲ್ಲೂ ಇಲ್ಲ. ನಾಲ್ಕೂ ಜನ ಕೆಳಗೆ ಹೋಗಿ, "ನಮ್ಮದೇ ಅಜ್ಜಿ, ಸರಿಯಾಗಿ ನೋಡದೆ ಹೇಳಿದ್ವಿ" ಅಂತ ಒಪ್ಕೊಂಡೆವು. ಅಜ್ಜಿ ಏನೂ ಬೈಯಲಿಲ್ಲ. ಬೈದಿದ್ರೇ ವಾಸಿ ಇತ್ತು.

ಆ ರಾತ್ರಿ ಬೋಲ್ಟ್ ಕೆಳಗೆ ಮಗ್ಗು ಇಟ್ಟೆವು. ಹನ್ನೊಂದರಿಂದ ಬೆಳಗ್ಗೆ ಏಳರ ತನಕ ಯಾರೂ ಫ್ಲಶ್ ಮಾಡಬಾರದು, ಬಕೆಟ್ ನೀರು ಹಾಕಬೇಕು ಅಂತ ಒಪ್ಪಂದ. 8 ಗಂಟೆಗೆ 1.2 ಲೀಟರ್. ಅಂದ್ರೆ ದಿನಕ್ಕೆ 3.6, ತಿಂಗಳಿಗೆ 108 ಲೀಟರ್. ಇದು ಬರೀ ಒಂದು ಬೋಲ್ಟಿಂದ. ನಮ್ಮ ಬೀದಿಗೆ ಕಾವೇರಿ ನೀರು ಬರೋದೇ ದಿನ ಬಿಟ್ಟು ದಿನ.

ಈಗ ತಪ್ಪುಗಳಿಗೆ ಬರೋಣ. ಮೊದಲನೇದು ಪುಟ್ಟಿ. ಎರಡು ಉಂಡೆ ಕಲಸಿ ಹಚ್ತೀವಲ್ಲ, ಆ ಎಪಾಕ್ಸಿ ಪುಟ್ಟಿಯನ್ನ ಕೆಳಗಿಂದ ನಟ್ಟಿನ ಸುತ್ತ ಮೆತ್ತಿದೆವು. ಒಂದು ದಿನ ನಿಂತಿತು, ಆಮೇಲೆ ಪಕ್ಕದಿಂದ ಹನಿ. ಯೋಚನೆ ಮಾಡಿದ್ರೆ ಕಾರಣ ಸುಲಭ: ನೀರು ತಡೀಬೇಕಾದ ಜಾಗ ಟ್ಯಾಂಕಿನ ಒಳಗೆ, ಬೋಲ್ಟ್ ತಲೆಯ ಅಡಿಯಲ್ಲಿ. ಅಲ್ಲಿ ದಾರಿ ಬಿಟ್ಟು ಕೆಳಗೆ ಮೆತ್ತಿದ್ರೆ ಒಳಗಿನ ನೀರು ಪುಟ್ಟಿಯನ್ನ ಹೊರಕ್ಕೇ ತಳ್ತಾ ಇರುತ್ತೆ, ಅದೂ ಒದ್ದೆ ಪಿಂಗಾಣಿಯ ಮೇಲೆ. ಮೇಲಾಗಿ ಆ ಪುಟ್ಟಿ ಕೆರೆದು ತೆಗೆಯೋಕೆ ಒಂದು ಸಂಜೆ ಹೋಯ್ತು. ಬೋಲ್ಟಿನ ಮರೆಗೆ ಟೆಫ್ಲಾನ್ ಟೇಪ್ ಸುತ್ತೋದೂ ಇದೇ ಥರ. ಆಂಗಲ್ ಕಾಕ್ ಗೋಡೆಗೆ ಸೇರೋ ಕಡೆ ಮರೆಯೇ ನೀರು ತಡೆಯೋದು, ಅಲ್ಲಿ ಟೇಪ್ ಬೇಕು. ಇಲ್ಲಿ ತಡೆಯೋದು ರಬ್ಬರ್.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಮೆಕ್ಯಾನಿಕಲ್‌ನವರಲ್ಲಿ ಒಬ್ಬ, "ಲೂಸ್ ಆಗಿದೆ ಅಷ್ಟೇ, ಟೈಟ್ ಮಾಡೋಣ" ಅಂತ ಉದ್ದ ಸ್ಪ್ಯಾನರ್ ತಂದ. ತಿರುಗಿಸಿದ, ಇನ್ನೂ ತಿರುಗಿಸಿದ. ಟಕ್ ಅಂತು. ಯಾರೂ ಉಸಿರಾಡಲಿಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಪುಣ್ಯಕ್ಕೆ ಸೀಳಿದ್ದು ಪ್ಲಾಸ್ಟಿಕ್ ನಟ್ಟು. ಪಿಂಗಾಣಿ ಒಡೆದಿದ್ರೆ ಇಡೀ ಟ್ಯಾಂಕ್ ಬದಲಾಯಿಸಬೇಕಿತ್ತು, ಒಡೆದ ಪಿಂಗಾಣಿಯನ್ನ ಅಂಟಿಸಿ ನಂಬೋಕಾಗಲ್ಲ.

ಇದೆಲ್ಲ ನಾವು ಕ್ಲಾಸಲ್ಲಿ ಓದಿದ್ದೇ. ಸೆರಾಮಿಕ್ ಒತ್ತಿದರೆ ತಡ್ಕೊಳ್ಳುತ್ತೆ, ಎಳೆದರೆ ತಡ್ಕೊಳ್ಳಲ್ಲ. ಬೋಲ್ಟ್ ಬಿಗಿ ಮಾಡಿದ್ರೆ ಒತ್ತಡ ತಾನೇ ಅನ್ಸುತ್ತೆ. ಆದರೆ ಮಧ್ಯೆ ರಬ್ಬರ್ ಬಳೆ ಎತ್ತಿ ಹಿಡಿದು, ಪಕ್ಕದಲ್ಲಿ ಬೋಲ್ಟ್ ಕೆಳಗೆಳೆದರೆ ಟ್ಯಾಂಕಿನ ತಳ ಒಂದು ತೊಲೆಯಂತೆ ಬಾಗುತ್ತೆ. ಬಾಗಿದ ತೊಲೆಯ ಒಂದು ಮುಖದಲ್ಲಿ ಎಳೆತ ಇದ್ದೇ ಇರುತ್ತೆ, ಬಿರುಕು ಅಲ್ಲಿಂದ ಶುರು. ಉಕ್ಕಾದರೆ ಸ್ವಲ್ಪ ಬಾಗಿ ಎಚ್ಚರಿಕೆ ಕೊಡುತ್ತೆ, ಪಿಂಗಾಣಿ ಕೊಡಲ್ಲ. ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಬರೆದು ಮಾರ್ಕ್ಸ್ ತಗೊಂಡವನೇ ಸ್ಪ್ಯಾನರ್ ಹಿಡಿದಿದ್ದ, ಅದನ್ನ ಇಲ್ಲಿ ದಾಖಲಿಸ್ತಾ ಇದ್ದೀವಿ.

ಅಷ್ಟು ಬಿಗಿ ಬೇಕಾ ಅಂತ ಲೆಕ್ಕ ಹಾಕಿದ್ರೆ ನಗು ಬರುತ್ತೆ. ಟ್ಯಾಂಕಲ್ಲಿ ನೀರಿನ ಎತ್ತರ 20 ಸೆಂಟಿಮೀಟರ್ ಅಂತಿಟ್ಕೊಳ್ಳಿ. ತಳದಲ್ಲಿ ಒತ್ತಡ ಸುಮಾರು 2 ಕಿಲೋಪ್ಯಾಸ್ಕಲ್. ತಾರಸಿ ಮೇಲಿನ ಟ್ಯಾಂಕ್ 6 ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ಇದರ 30 ಪಟ್ಟು ಇರುತ್ತೆ. 60 ಮಿಲಿಮೀಟರ್ ವ್ಯಾಸದ ತೂತಿನ ಮೇಲೆ ಆ 2 ಕಿಲೋಪ್ಯಾಸ್ಕಲ್ ಅಂದ್ರೆ 5.5 ನ್ಯೂಟನ್, ಹೆಚ್ಚುಕಡಿಮೆ ಒಂದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತೂಕ. ಇದನ್ನ ತಡೆಯೋಕೆ ಭೀಮನ ಬಲ ಬೇಡ, ಮೆತ್ತಗಿರೋ ರಬ್ಬರ್ ಬೇಕು. ಮೆತ್ತಗಿನ ರಬ್ಬರ್ ಪಿಂಗಾಣಿಯ ಸಣ್ಣ ಸಣ್ಣ ಏರುತಗ್ಗುಗಳಿಗೆಲ್ಲ ತುಂಬಿಕೊಂಡು, ವಾಪಸ್ ಉಬ್ಬೋಕೆ ನೋಡ್ತಾ ಒತ್ತಿಕೊಂಡಿರುತ್ತೆ. ವರ್ಷಗಟ್ಟಲೆ ಒತ್ತಿದ ಸ್ಥಿತಿಯಲ್ಲೇ ಇದ್ದರೆ ಆ ಗುಣ ಹೋಗುತ್ತೆ. ಬಿಟ್ಟರೂ ಉಬ್ಬಲ್ಲ. ಅಂಥ ವಾಷರನ್ನ ಎಷ್ಟು ಬಿಗಿ ಮಾಡಿದ್ರೂ ಅಷ್ಟೇ. ಟ್ಯಾಂಕ್ ಬಿಚ್ಚಿದಾಗ ನಮ್ಮ ಹಳೇ ವಾಷರ್ ಉಗುರು ಒತ್ತಿದರೂ ಒತ್ತು ಬೀಳದಷ್ಟು ಗಟ್ಟಿಯಾಗಿತ್ತು.

ಬಿಚ್ಚಿದ ಕ್ರಮ ಹೀಗೆ. ಆಂಗಲ್ ಕಾಕ್ ಮುಚ್ಚಿ (ಅದೇ ಪೂರ್ತಿ ಮುಚ್ಚದಿದ್ರೆ ತಾರಸಿಯ ವಾಲ್ವ್ ಮುಚ್ಚಬೇಕು), ಫ್ಲಶ್ ಮಾಡಿ, ಉಳಿದ ನೀರನ್ನ ಲೋಟದಲ್ಲಿ, ಆಮೇಲೆ ಸ್ಪಂಜಲ್ಲಿ ತೆಗೆದೆವು. ಹೇಸಿಗೆ ಪಡಬೇಡಿ, ಟ್ಯಾಂಕಲ್ಲಿರೋದು ನಲ್ಲಿಯದೇ ನೀರು. ಕಮೋಡ್ ಮುಟ್ಟೋವಾಗ ಮಾತ್ರ ಗ್ಲೌಸ್. ಕನೆಕ್ಷನ್ ಪೈಪ್ ಬಿಚ್ಚಿ, ಎರಡೂ ನಟ್ಟು ಬಿಚ್ಚಿದೆವು. ಬಲಗಡೆ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟು ಒಂದು ಗಂಟೆ ಕಾದು, ಆಗಲೂ ಬರದೆ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆವು. ಟ್ಯಾಂಕನ್ನ ಇಬ್ಬರು ಸೇರಿ ನೇರ ಮೇಲಕ್ಕೆ ಎತ್ತಿ ಹಳೇ ಜಮಖಾನದ ಮೇಲೆ ಮಲಗಿಸಬೇಕು. ಬರೀ ಟೈಲ್ಸ್ ಮೇಲೆ ಇಡಬೇಡಿ.

ಹಳೇ ವಾಷರ್, ಹಳೇ ಬೋಲ್ಟ್ ಎರಡನ್ನೂ ಕವರಲ್ಲಿ ಹಾಕ್ಕೊಂಡೇ ಅಂಗಡಿಗೆ ಹೋಗಿ. ಇದನ್ನ ಒತ್ತಿ ಹೇಳ್ತೀವಿ. ಕಂಪ್ಯೂಟರ್ ಸೈನ್ಸ್‌ನವನು ಫೋಟೋ ಸಾಕು ಅಂತ ಹೋಗಿ ಒಂದು ಸೈಜ್ ದೊಡ್ಡದು ತಂದ, ಇನ್ನೊಂದು ಟ್ರಿಪ್ ಆಯ್ತು. ಬೋಲ್ಟ್ ಹಿತ್ತಾಳೆಯದು ಅಥವಾ ಸ್ಟೇನ್‌ಲೆಸ್ ಕೇಳಿ. ಎಲ್ಲಾ ಸೇರಿ ನಮಗೆ 180 ರೂಪಾಯಿ, ಪುಟ್ಟಿಗೆ ದಂಡ ಆಗಿದ್ದು ಬೇರೆ.

ಕೂರಿಸೋವಾಗ ಪಿಂಗಾಣಿಯ ಮೇಲಿನ ಹಳೇ ರಬ್ಬರ್ ಚೂರು, ಸುಣ್ಣದ ಪದರ ಎಲ್ಲಾ ಒರೆಸಿ ಬೆರಳಾಡಿಸಿ ನೋಡಿ. ಲೋಹ ಎಲ್ಲೂ ನೇರವಾಗಿ ಪಿಂಗಾಣಿಗೆ ತಾಗಬಾರದು: ಟ್ಯಾಂಕ್ ಒಳಗೆ ಬೋಲ್ಟ್ ತಲೆ ಅಡಿ ರಬ್ಬರ್, ಕಮೋಡ್ ಕೆಳಗೆ ಮೊದಲು ರಬ್ಬರ್, ಆಮೇಲೆ ಲೋಹದ ವಾಷರ್, ಆಮೇಲೆ ನಟ್ಟು. ದೊಡ್ಡ ಬಳೆಯನ್ನ ಟ್ಯಾಂಕ್ ಅಡಿಯ ನಟ್ಟಿನ ಮೇಲೆ ಪೂರ್ತಿ ಒಳಗೆ ತಳ್ಳಿ, ಆಮೇಲೆ ಟ್ಯಾಂಕ್ ಇಳಿಸಿ. ನಟ್ಟುಗಳನ್ನ ಮೊದಲು ಬರೀ ಕೈಯಲ್ಲಿ, ಆಮೇಲೆ ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು. ಟ್ಯಾಂಕ್ ಮಟ್ಟವಾಗಿ ಕೂತು ಅಲುಗಾಡೋದು ನಿಂತ ಕೂಡಲೇ ಸ್ಪ್ಯಾನರ್ ಕೆಳಗಿಡಬೇಕು. ಬೋಲ್ಟ್ ತಿರುಗಿಸಬೇಡಿ, ಒಳಗಿಂದ ಸ್ಕ್ರೂಡ್ರೈವರಲ್ಲಿ ಹಿಡಿದು ಕೆಳಗೆ ನಟ್ಟು ಮಾತ್ರ ತಿರುಗಿಸಿ, ಇಲ್ಲಾಂದ್ರೆ ಒಳಗಿನ ರಬ್ಬರ್ ಸುಕ್ಕಾಗುತ್ತೆ.

ಅರ್ಧ ಟ್ಯಾಂಕ್ ತುಂಬಿಸಿ ಟಿಶ್ಯೂ, ಪೂರ್ತಿ ತುಂಬಿಸಿ ಟಿಶ್ಯೂ, ಐದು ಸಲ ಫ್ಲಶ್ ಮಾಡಿ ಮತ್ತೆ ಟಿಶ್ಯೂ. ಮಾರನೇ ದಿನ ಇನ್ನೊಂದು ಸಲ. ಎಲ್ಲವೂ ಒಣ. ನೆಲದ ಬಿರುಕಿಗೆ ಸಿವಿಲ್‌ನವನು ಬಿಳಿ ಸಿಮೆಂಟ್ ತುಂಬಿದ.

ಅಜ್ಜಿ ಬಕೆಟ್ ತೆಗೆದಿದ್ದಾರೆ. ಅವರ ಬಚ್ಚಲುಮನೆ ಸೀಲಿಂಗಲ್ಲಿ ತಟ್ಟೆಯಷ್ಟು ಅಗಲದ ಕಲೆ ಇನ್ನೂ ಇದೆ, ಅಂಚಿನಲ್ಲಿ ತಿಳಿನೀಲಿ. ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆಯೋದು ನಮ್ಮ ಪಾಲಿಗೆ ಬಂದಿದೆ. ಇಂಟರ್ನಲ್ಸ್ ಮುಗಿದ ಭಾನುವಾರ ಅಂತ ಹೇಳಿದ್ದೀವಿ, ಅಜ್ಜಿ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಂಡಿದ್ದಾರೆ.