ಹೊಸ ಹುಡುಗರ ಒಪ್ಪಂದ: ಫ್ಯಾಂಟಸಿ ಕಬಡ್ಡಿ ಕಲಿಸಿದ್ದು

ಪುತ್ತೂರು, ಸುಳ್ಯ, ಕಡಬದ ನಾವೊಂದಷ್ಟು ಗೆಳೆಯರು ಪ್ರೊ ಕಬಡ್ಡಿಯ ಆಟಗಾರರನ್ನು ಹಂಚಿಕೊಂಡು ಫ್ಯಾಂಟಸಿ ಲೀಗ್ ಆಡುತ್ತೇವೆ. ದುಡ್ಡಿನ ವ್ಯವಹಾರವಿಲ್ಲ, ಹರಾಜೂ ಪಾಯಿಂಟಿನಲ್ಲೇ. ಮ್ಯಾಟ್ ಮೇಲೆ ಅವರು ಗಳಿಸಿದ ಅಂಕ ನಮ್ಮ ಖಾತೆಗೆ. ಹೊಸ ಹುಡುಗರನ್ನು ಮುಂದಿನ ಸೀಸನ್ನಿಗೂ ಉಳಿಸಿಕೊಳ್ಳಬಹುದು ಎಂದು ಸೇರಿಸಿದ ಮೇಲೆ ಆಟಕ್ಕೆ ರುಚಿ ಬಂತು, ಜಗಳವೂ ಬಂತು. ನಿಯಮ ಬರೆದವನು ನಾನು.

1. ಹೊಸಬ ಯಾರೆಂದು ವಯಸ್ಸು ಹೇಳುವುದಿಲ್ಲ.
'22 ವರ್ಷದೊಳಗಿನವರು' ಎಂದು ಬರೆದಿದ್ದೆ. ಹದಿಹರೆಯದಲ್ಲೇ ಹೆಸರು ಮಾಡಿದ ರೈಡರ್ ಆ ಲೆಕ್ಕದಲ್ಲಿ ಹೊಸಬನಾದ. 24ರಲ್ಲಿ ಮೊದಲ ಅವಕಾಶ ಸಿಕ್ಕಿದ ಕಾರ್ನರ್ ಡಿಫೆಂಡರ್ ಹಳಬನಾದ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ನೋಡುವುದು ಆಟವನ್ನು: ಬ್ಯಾಟರ್ 130 ಅಟ್-ಬ್ಯಾಟ್, ಪಿಚರ್ 50 ಇನಿಂಗ್ಸ್ ದಾಟಿದರೆ ಹೊಸಬನ ಪಟ್ಟ ಮುಗಿಯಿತು. ನಾವೂ ಆಡಿದ ಪಂದ್ಯ ಎಣಿಸತೊಡಗಿದೆವು. ಅದನ್ನೂ ಅಂಕಿಯಲ್ಲಿ ಬರೆಯದೆ 'ಸೀಸನ್ನಿನ ಅರ್ಧ' ಎಂದೇ ಬರೆಯುವುದು ಒಳ್ಳೆಯದು. ಲೀಗ್ ಹಂತದಲ್ಲಿ ತಂಡಕ್ಕೆ 22 ಇದ್ದ ಪಂದ್ಯ 2025ರಲ್ಲಿ 18ಕ್ಕಿಳಿಯಿತು.

2. ಬೆಂಚಿನಲ್ಲಿ ಕುಳಿತ ವರ್ಷ ಒಪ್ಪಂದದ ವರ್ಷವಲ್ಲ.
ಈಗಲೂ ನನಗೆ ಕಸಿವಿಸಿ ತರುವುದು ಇದೇ. ಒಪ್ಪಂದ ಮೂರು ಸೀಸನ್ನಿಗೆ ಎಂದು ಇಟ್ಟಿದ್ದೆ. ಸುಳ್ಯದ ಗೆಳೆಯನೊಬ್ಬ ಯಾರೂ ಗಮನಿಸದ ಹುಡುಗನನ್ನು ಕನಿಷ್ಠ ಬೆಲೆಗೆ ಹಿಡಿದ. ಮೊದಲ ಸೀಸನ್ ಪೂರ್ತಿ ಬೆಂಚು, ಎರಡನೆಯದರಲ್ಲಿ ಗಾಯ. ಮೂರನೆಯದರ ಕೊನೆಗೆ ಹುಡುಗ ಮಿಂಚಿದ. ಅಷ್ಟರಲ್ಲಿ ಅವಧಿ ಮುಗಿದು ಹರಾಜಿಗೆ ಹೋದ. "ಅವ ಆಡಲೇ ಇಲ್ಲ ಮಾರಾಯ, ವರ್ಷ ಕಳೆದದ್ದು ಹೇಗೆ?" ಎಂದು ಗೆಳೆಯ ಕೇಳಿದಾಗ ನಿಯಮದ ಹಾಳೆ ತೋರಿಸಿದೆನೇ ಹೊರತು ಉತ್ತರ ಹೇಳಲಾಗಲಿಲ್ಲ.

ಪ್ರೊ ಕಬಡ್ಡಿಯ ನಿಜವಾದ ಹರಾಜನ್ನೇ ನೋಡಿ. 2022ರಲ್ಲಿ ತಮಿಳ್ ತಲೈವಾಸ್ ಪವನ್ ಸೆಹ್ರಾವತ್‌ಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರ ಸೀಸನ್ ಮುಗಿಯಿತು. ಮರುವರ್ಷ ತೆಲುಗು ಟೈಟಾನ್ಸ್ ಕೊಟ್ಟದ್ದು 2.605 ಕೋಟಿ! ಆಡದ ವರ್ಷ ಆಟಗಾರನ ಬೆಲೆಯನ್ನೇ ಕುಗ್ಗಿಸಲಿಲ್ಲ. ನಂಬಿ ಕಾದವನ ಹಕ್ಕನ್ನು ಯಾಕೆ ಕುಗ್ಗಿಸಬೇಕು? ಈಗ ಅರ್ಧದಷ್ಟು ಪಂದ್ಯ ಆಡಿದರೆ ಮಾತ್ರ ವರ್ಷ ಲೆಕ್ಕಕ್ಕೆ.

3. ಉಳಿಸಿಕೊಳ್ಳುವ ಬೆಲೆ ಏರಲೇಬೇಕು.
ಸಿದ್ಧಾರ್ಥ್ ದೇಸಾಯಿ 2018ರಲ್ಲಿ 36.4 ಲಕ್ಷಕ್ಕೆ ಯು ಮುಂಬಾ ಸೇರಿದರು. ಮರುವರ್ಷ ತೆಲುಗು ಟೈಟಾನ್ಸ್‌ಗೆ 1.45 ಕೋಟಿ. ಅಂಥವರನ್ನು ಒಬ್ಬ ಹಳೆಯ ಬೆಲೆಗೇ ಇಟ್ಟುಕೊಂಡರೆ ಉಳಿದವರು ಹರಾಜಿಗೆ ಬರುವುದಾದರೂ ಯಾಕೆ? ನಮ್ಮಲ್ಲಿ ಈಗ ಪ್ರತಿ ಸೀಸನ್ನಿಗೂ ಬೆಲೆ ಒಂದೂವರೆ ಪಟ್ಟು.

4. ಬಿಡ್ ಕಾಗದದಲ್ಲೂ ಇರಲಿ.
ಹರಾಜು ನಡೆಯುವುದು ಮಳೆಗಾಲದಲ್ಲಿ. ಕಡಬದ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಬರಲಾಗದವರು ತಮ್ಮ ಗರಿಷ್ಠ ಬೆಲೆಯನ್ನು ಮೊದಲೇ ಬರೆದು ಇನ್ನೊಬ್ಬರ ಕೈಗೆ ಕೊಟ್ಟಿರಬೇಕು.

5. ಊರಿನ ಹುಡುಗನಿಗೊಂದು ಜಾಗ.
ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರನ್ನು 2018ರಲ್ಲಿ ಯುಪಿ ಯೋಧಾ 79 ಲಕ್ಷಕ್ಕೆ ಪಡೆಯಿತು. ಇಲ್ಲಿಯ ಮೈದಾನಗಳಿಂದ ಅಂಥ ಇನ್ನೊಬ್ಬ ಬರಬೇಕೆಂಬುದು ನಮ್ಮೆಲ್ಲರ ಆಸೆ. ಅದಕ್ಕೆಂದೇ, ಪ್ರೊ ಕಬಡ್ಡಿ ತಲುಪದ ಊರಿನ ಆಟಗಾರನೊಬ್ಬನ ಹೆಸರನ್ನು ಪ್ರತಿಯೊಬ್ಬರೂ ಬರೆದಿಡಬಹುದು. ಅವನು ಆಯ್ಕೆಯಾದ ದಿನ ಕನಿಷ್ಠ ಬೆಲೆಗೆ ಅವರ ಪಾಲು. ಷರತ್ತು ಎರಡು. ಅವನ ಆಟವನ್ನು ಅಂಕಣದ ಪಕ್ಕ ನಿಂತು ನೋಡಿರಬೇಕು, ಮೊಬೈಲಿನ ತುಣುಕು ಸಾಲದು. ಶಾಲಾ ಪಂದ್ಯಾಟದ ಮಕ್ಕಳ ಹೆಸರು ಬರೆಯುವಂತಿಲ್ಲ.