ಚಟ, ಚಿಕಿತ್ಸೆ ಮತ್ತು ಮನೆಯವರ ಭಯ

ಪ್ರಶ್ನೆ: ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲಿ ಬಿಳಿ ಪುಡಿಯ ಸಣ್ಣ ಪೊಟ್ಟಣ ಸಿಕ್ಕಿತು. ‘ಎಂಡಿ, ಒಂದೆರಡು ಸಲ ಅಷ್ಟೇ’ ಅನ್ನುತ್ತಾನೆ. ಅವನು ವ್ಯಸನಿಯೇ? ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆಯೇ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ನಿಮ್ಮ ಎರಡೂ ಭಯ ಸಹಜವಾದವೇ. ಪೊಲೀಸರ ವಿಷಯ ಮೊದಲು ಹೇಳುತ್ತೇನೆ. ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅದನ್ನೇ ಹೇಳುತ್ತದೆ. ಮಾದಕ ವಸ್ತುಗಳ 1985ರ ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರಕ್ಕೆ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ.

ಒಂದೆರಡು ಸಲ ತೆಗೆದುಕೊಂಡದ್ದು ದುರ್ಬಳಕೆ. ಅವಲಂಬನೆ (ಅದಿಲ್ಲದೆ ದಿನ ಸಾಗದ ಸ್ಥಿತಿ) ಬೇರೆ. ಪ್ರಮಾಣ ಏರುತ್ತಾ ಹೋಗುವುದು, ಬಿಡಬೇಕೆಂದರೂ ಆಗದಿರುವುದು, ಓದು-ಸ್ನೇಹಿತರೆಲ್ಲ ಹಿಂದಕ್ಕೆ ಸರಿಯುವುದು ಅದರ ಗುರುತು. ಎಂಡಿ (ಮೆಫೆಡ್ರೋನ್) ನಿದ್ದೆ, ಹಸಿವು ಎರಡನ್ನೂ ಓಡಿಸುತ್ತದೆ; ಇಳಿದಾಗ ಮನಸ್ಸು ತೀರಾ ಕುಗ್ಗುತ್ತದೆ. ‘ಬದುಕು ಬೇಡ’ ಎನ್ನುವ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಪೊಟ್ಟಣ ಎದುರಿಗಿಟ್ಟು ವಿಚಾರಣೆ ಮಾಡಬೇಡಿ. ಊಟವಾದ ಮೇಲೆ ಒಬ್ಬನೇ ಇದ್ದಾಗ ಕೇಳಿ: ಯಾವಾಗ ಶುರುವಾಯಿತು, ಯಾವಾಗ ಬೇಕೆನಿಸುತ್ತದೆ? ಎಂಡಿಗೆಂದೇ ಒಂದು ಮಾತ್ರೆ ಇಲ್ಲ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ.

ಪ್ರಶ್ನೆ: ಯಜಮಾನರು ಹೋಟೆಲಿನಲ್ಲಿದ್ದಾರೆ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ, ಚಹಾದ ಲೋಟವೂ ನಿಲ್ಲುವುದಿಲ್ಲ. ಲೋಕಲ್ ರೈಲಿನ ಡಬ್ಬಿಯಲ್ಲಿ ‘ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂದು ಅಂಟಿಸಿದ್ದ ಚೀಟಿ ನೋಡಿ ಪುಡಿ ತರಿಸಿದ್ದೇನೆ. ಸಾರಿಗೆ ಬೆರೆಸಲೇ? ಮೈದುನ, ‘ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕೋಣ’ ಅನ್ನುತ್ತಾನೆ.
— ಒಬ್ಬ ಗೃಹಿಣಿ, ಕಲ್ಯಾಣ

ಉತ್ತರ: ಬೇರೆ ದಾರಿ ಕಾಣದೆ ಪುಡಿ ತರಿಸಿದ್ದೀರಿ, ತಪ್ಪು ತಿಳಿಯುವುದಿಲ್ಲ. ಆದರೆ ಬೆರೆಸಬೇಡಿ. ಇಂಥ ಪುಡಿಯಲ್ಲಿ ಏನಿದೆ ಎಂದು ಯಾರೂ ಹೇಳಲಾರರು. ಡೈಸಲ್ಫಿರಾಮ್ (ಕುಡಿದರೆ ವಾಂತಿ, ಎದೆಬಡಿತ ತರುವ ಔಷಧ) ಇದ್ದರೆ, ತಿಳಿಯದೆ ಕುಡಿದವರ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ವೈದ್ಯರು ಅದನ್ನು ರೋಗಿಯ ಒಪ್ಪಿಗೆ ಪಡೆದೇ ಕೊಡುತ್ತಾರೆ.

ಕೂಡಿಹಾಕುವುದೂ ಬೇಡ. ಕೈ ನಡುಗುತ್ತದೆಯೆಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನದಲ್ಲಿ ಫಿಟ್ಸ್, ಆಮೇಲೆ ಸನ್ನಿ (ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸ್ಥಿತಿ) ಬರಬಹುದು. ಆಸ್ಪತ್ರೆಯಲ್ಲಿ ಮಾತ್ರೆ ಮತ್ತು ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟು ವಾರ, ಹತ್ತು ದಿನದಲ್ಲಿ ಇದನ್ನು ದಾಟಿಸುತ್ತಾರೆ. ಅಲ್ಲಿಯವರೆಗೆ ನೀವಾಗಿ ಬಾಟಲಿ ಕಿತ್ತುಕೊಳ್ಳಬೇಡಿ.

ಪ್ರಶ್ನೆ: ತಮ್ಮ ಬ್ರೌನ್ ಶುಗರ್ ಬಿಟ್ಟು ಮೂರು ತಿಂಗಳು ಕೇಂದ್ರದಲ್ಲಿದ್ದ. ಮನೆಗೆ ಬಂದ ಮೇಲೆ ಮತ್ತೆ ಶುರುಮಾಡಿದ. ಖರ್ಚೆಲ್ಲ ನೀರಿಗೆ ಬಿತ್ತೇ?
— ಒಬ್ಬ ಅಣ್ಣ, ನೆರೂಲ್

ಉತ್ತರ: ಇಲ್ಲ. ಇದು ಸಕ್ಕರೆ ಕಾಯಿಲೆಯಂತೆ ವರ್ಷಗಟ್ಟಲೆ ನೋಡಿಕೊಳ್ಳಬೇಕಾದ ರೋಗ. ಮರುಕಳಿಸಿದರೆ ಚಿಕಿತ್ಸೆ ಬದಲಿಸಬೇಕೆಂದು ಅರ್ಥ. ಆದರೆ ಒಂದು ಎಚ್ಚರ: ಬಿಟ್ಟಿದ್ದ ದೇಹಕ್ಕೆ ಹಳೆಯ ಪ್ರಮಾಣ ತಾಳದು, ಉಸಿರೇ ನಿಲ್ಲಬಹುದು. ಎಚ್ಚರಿಸಿದರೂ ಏಳದೆ ಉಸಿರು ನಿಧಾನವಾದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಬುಪ್ರಿನಾರ್ಫಿನ್ (ಬಯಕೆ ತಗ್ಗಿಸುವ ಮಾತ್ರೆ) ಬಗ್ಗೆ ಮನೋವೈದ್ಯರನ್ನು ಕೇಳಿ. ಥಾಣೆಯಲ್ಲಿ ಸರ್ಕಾರದ ಪ್ರಾದೇಶಿಕ ಮನೋರುಗ್ಣಾಲಯವಿದೆ. ಪುಣೆಯಲ್ಲಿ 1986ರಿಂದ ‘ಮುಕ್ತಾಂಗಣ’ ಕೇಂದ್ರ ನಡೆದಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಕನ್ನಡದಲ್ಲಿ ಮಾತಾಡಬೇಕಿದ್ದರೆ ಟೆಲಿ ಮಾನಸ್, 14416. ಎರಡೂ ಉಚಿತ. ಈ ಸಲ ತಮ್ಮನೊಬ್ಬನನ್ನೇ ಕಳಿಸಬೇಡಿ. ನೀವೂ ಜೊತೆಗೆ ಹೋಗಿ, ಹಳೆಯ ಡಿಸ್‌ಚಾರ್ಜ್ ಕಾಗದ ಮರೆಯದೆ ಒಯ್ಯಿರಿ.